ನಕ್ಷೆಯಲ್ಲಿ ದೊಡ್ಡವ್ವನ ಜಾಗ

ಹೋದ ತಿಂಗಳು ಆಳಂದದ ನಮ್ಮ ಮನೆಯ ಅಡುಗೆಮನೆಯಲ್ಲಿ ಕೊಳೆತ ಉಳ್ಳಾಗಡ್ಡಿಯ ವಾಸನೆ ಬಂತು. ನಾನು ಬುಟ್ಟಿಯನ್ನು ನೆಲಕ್ಕೆ ಸುರಿದು, ಒಂದೊಂದೇ ಗಡ್ಡೆಯನ್ನು ಮೂಸಿ ನೋಡಿ, ಅನುಮಾನ ಬಂದವನ್ನೆಲ್ಲ ತಿಪ್ಪೆಗೆ ಎಸೆದೆ. ವಾಸನೆ ಹೋಗಲಿಲ್ಲ. ಮರುದಿನ ಸಿಲಿಂಡರ್ ತರುವವನು ಬಂದು, ಒಲೆಯ ಹಿಂದಿನ ರಬ್ಬರ್ ನಳಿಗೆ ಸೀಳಿದ್ದನ್ನು ತೋರಿಸಿದ. ಮಕ್ಕಳಿಗೆ ಆಯುಷ್ಯವಿಡೀ ಪಾಠ ಹೇಳಿದ ನನ್ನ ಮೂಗಿಗೆ ಉಳ್ಳಾಗಡ್ಡಿಗೂ ಗ್ಯಾಸಿಗೂ ವ್ಯತ್ಯಾಸ ತಿಳಿಯಲಿಲ್ಲ. ಅವನು ಪಾಪ, ನನ್ನ ಮಾನ ಉಳಿಸುವ ದನಿಯಲ್ಲಿ ಹೇಳಿದ: "ಗ್ಯಾಸಿಗೆ ತನ್ನದಂತ ವಾಸನಿ ಇರಂಗಿಲ್ರಿ ಟೀಚರ್. ಸೋರಿದ್ದು ಗೊತ್ತಾಗ್ಲಿ ಅಂತ ಮ್ಯಾಲೆ ಕಲಸಿ ಕಳಸ್ತಾರ."

ಈ ಮಾತನ್ನು ನಾನು ಮೊದಲು ಕೇಳಿದ್ದು ಬಹಳ ವರ್ಷಗಳ ಹಿಂದೆ, ನಮ್ಮ ದೊಡ್ಡವ್ವನ ಮನೆಯ ಕಟ್ಟೆಯ ಮೇಲೆ. ಹೇಳಿದವನು ಮಂಗಳೂರು ಕಡೆಯ ಒಬ್ಬ ಎಂಜಿನಿಯರ್. ನೀವು ಬಿಡುವಾಗಿದ್ದರೆ ಕೂತುಕೊಳ್ಳಿ, ಇದು ಸ್ವಲ್ಪ ಸುತ್ತು ಹಾಕಿ ಬರುವ ಕತೆ.

ದೊಡ್ಡವ್ವನ ತವರು ಅಫಜಲಪುರ. ಕೊಟ್ಟ ಮನೆ ಜೇವರ್ಗಿ ತಾಲೂಕಿನಲ್ಲಿ, ಭೀಮಾ ನದಿಗೆ ಹತ್ತಿರದ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ನನ್ನ ಅವ್ವ ತೀರಿಕೊಂಡಿದ್ದರಿಂದ ಆ ಮನೆಯಲ್ಲೇ ಬೆಳೆದೆ. ದೊಡ್ಡಪ್ಪ ಎತ್ತರದ ಆಳು, ದೊಡ್ಡ ಗಂಟಲು. ಅವನು ಪಿಸುಗುಟ್ಟಿದರೂ ಪಕ್ಕದ ಮನೆಯವರು ಓಗೊಡುತ್ತಿದ್ದರು. ಒಂದು ಜ್ವರ ಅವನನ್ನು ನಡುವಯಸ್ಸಿನಲ್ಲೇ ಒಯ್ದಿತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಹೊಲವಿದ್ದವರಿಗೆ ಅವರ ಹೊಲದಲ್ಲೇ. ದೊಡ್ಡಪ್ಪನನ್ನು ಹೊಲದ ಮೂಡಣ ಬದುವಿನ ಬೇವಿನ ಗಿಡದ ಬುಡದಲ್ಲಿ ಕೂರಿಸಿದರು. ಮೇಲೊಂದು ಕಲ್ಲಿನ ಕಟ್ಟೆ ಕಟ್ಟಿದರು.

ಅಲ್ಲಿಂದ ದೊಡ್ಡವ್ವನಿಗೆ ಒಂದು ರೂಢಿ ಬಿತ್ತು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಹೊಲಕ್ಕೆ ಹೋಗಿ, ಆ ಕಟ್ಟೆಯ ಪಕ್ಕ ಕೂತು ಊರ ಸುದ್ದಿಯನ್ನೆಲ್ಲ ಗಂಡನಿಗೆ ಹೇಳಿ ಬರುವುದು. ಎಮ್ಮೆ ಕರು ಹಾಕಿದ್ದು, ತೊಗರಿಗೆ ಹುಳ ಬಿದ್ದದ್ದು, ನಾನು ಗಣಿತದ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು, ಎಲ್ಲ ಅಲ್ಲಿ ವರದಿಯಾಗುತ್ತಿತ್ತು. ಗಣಿತದ ವಿಷಯ ಹೇಳಬೇಡ ಎಂದು ನಾನು ಬೇಡಿಕೊಂಡಾಗ ಆಕೆ, "ನಾ ಹೇಳಲಿಲ್ಲ ಅಂದ್ರ ಅವರಿಗೆ ಮತ್ಯಾರು ಹೇಳ್ತಾರವಾ?" ಎಂದಿದ್ದಳು. ಇದರಲ್ಲಿ ಅಳು ಇರಲಿಲ್ಲ. ಬದುಕಿದ್ದಾಗ ದೊಡ್ಡಪ್ಪ ಯಾರ ಮಾತನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಈಗ ಕೇಳುತ್ತಾನೆ ಎಂಬ ಸಮಾಧಾನವೇ ಆಕೆಯ ಮುಖದಲ್ಲಿ ಕಾಣುತ್ತಿತ್ತು.

ನನಗೆ ಆಳಂದದ ಶಾಲೆಯಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಊರಿಗೆ ಒಂದು ಯೋಜನೆಯ ಮಾತು ಬಂತು. ದೂರದ ದೇಶಗಳಿಂದ ಹಡಗಿನಲ್ಲಿ ಗ್ಯಾಸು ಬರುತ್ತದೆ. ಪಶ್ಚಿಮದ ಕಡಲ ದಂಡೆಯಲ್ಲಿ ಅದನ್ನು ಇಳಿಸಿಕೊಳ್ಳುವ ಟರ್ಮಿನಲ್ ಕಟ್ಟುತ್ತಾರೆ. ಅಲ್ಲೇ ಒಂದಿಷ್ಟು ಸುಟ್ಟು ಕರೆಂಟು ಮಾಡುತ್ತಾರೆ. ಉಳಿದದ್ದು ಕೊಳವೆಯಲ್ಲಿ ಘಟ್ಟ ಹತ್ತಿ ಇಲ್ಲಿಗೆ ಬಂದು, ಭೀಮೆಯ ನೀರಿನ ಆಸರೆಯಲ್ಲಿ ಇನ್ನೊಂದು ವಿದ್ಯುತ್ ಸ್ಥಾವರ ನಡೆಸುತ್ತದೆ. ಆ ಎರಡನೆಯ ಸ್ಥಾವರಕ್ಕೆ ಗುರುತು ಹಾಕಿದ ಜಮೀನಿನ ನಡುವೆ ದೊಡ್ಡವ್ವನ ಹೊಲ ಬಿದ್ದಿತ್ತು.

ದೊಡ್ಡವ್ವನ ಊರಿನ ಶಾಲೆಯ ಪಡಸಾಲೆಯಲ್ಲಿ ಊರವರ ಸಭೆ ಕರೆದರು. ಓದಿದವಳು ಎಂದು ನನ್ನನ್ನೂ ಕರೆಸಿದರು. ನಾನು ಹೊಸ ಸೀರೆ ಉಟ್ಟು ಎದ್ದು ನಿಂತು, "ಇದಕ್ಕೆ ದ್ರವೀಕೃತ ನೈಸರ್ಗಿಕ ಅನಿಲ ಎನ್ನುತ್ತಾರೆ" ಎಂದು ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಹಿಂದಿನ ಸಾಲಿನಿಂದ ದೊಡ್ಡವ್ವನ ದನಿ ಕೇಳಿತು: "ಇಷ್ಟ ಉದ್ದ ಹೆಸರಿದ್ದದ್ದು ಮನಿ ತನಕ ಬರಂಗಿಲ್ಲ ಬಿಡವಾ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಮಾತು ನೆನಪಾದಾಗಲೆಲ್ಲ ನನಗೆ ನಗು ಬಂದಿಲ್ಲ.

ಎಂಜಿನಿಯರ್ ಹುಡುಗ ಬಂದದ್ದು ಆ ಸಭೆಯ ನಂತರ. ಅವನ ಮಾತಿನ ತುಂಬ "ಉಂಟು". ಮೊದಲ ದಿನ ಕಟ್ಟೆಯ ಮೇಲೆ ಕೂತು, "ಅಮ್ಮ, ನಿಮ್ಮ ಹತ್ತಿರ ಪಹಣಿ ಉಂಟಾ?" ಎಂದು ಕೇಳಿದ. ದೊಡ್ಡವ್ವ ಒಳಗೆ ಹೋಗಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದಿಟ್ಟಳು. ಅವನು ತಬ್ಬಿಬ್ಬಾದ. "ಉಂಟಾ ಅಂದ್ರಲ್ರಿ? ಉಣ್ಣಾಕ ಕೇಳ್ಯಾರ ಅಂತ ತಿಳ್ದೆ," ಎಂದಳು ದೊಡ್ಡವ್ವ. ಅಂದಿನಿಂದ ಅವನು ಊರಿಗೆ ಬಂದಾಗಲೆಲ್ಲ ಅಲ್ಲೇ ಊಟ. ಗ್ಯಾಸನ್ನು ಹಿಮಕ್ಕಿಂತ ತಣ್ಣಗೆ ಮಾಡಿದರೆ ನೀರಾಗುತ್ತದೆ, ಒಂದು ಕೋಣೆ ತುಂಬುವ ಗ್ಯಾಸು ಒಂದು ಕೊಡದಲ್ಲಿ ಹಿಡಿಯುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ, ಜನರಿಗೆ ತಿಳಿಯಲೆಂದು ಕಲಸುತ್ತಾರೆ ಎಂದು ಅವನು ಕಣ್ಣರಳಿಸಿ ಹೇಳುತ್ತಿದ್ದ. ಆ ಯೋಜನೆಯನ್ನು ಅವನಷ್ಟು ನಂಬಿದವರನ್ನು ನಾನು ನೋಡಿಲ್ಲ. ಮೋಸಗಾರನಾಗಿದ್ದರೆ ನನಗೆ ಈಗ ಬೈಯಲು ಒಂದು ಮುಖವಾದರೂ ಇರುತ್ತಿತ್ತು.

ದೊಡ್ಡವ್ವ ಹೊಲ ಕೊಡಲು ಒಪ್ಪಿದಳು. ನದಿಯ ಕಡೆ ಇನ್ನೊಂದು ತುಂಡು ಇತ್ತು, ಮಗ ಮಲ್ಲಣ್ಣನಿಗೆ ಅದು ಸಾಕೆಂದಳು. ಪರಿಹಾರದ ಕತೆ ಎಲ್ಲ ಕಡೆಯೂ ಒಂದೇ, ಅದು ಇಲ್ಲಿ ಬೇಡ. ಆಕೆಯದು ಒಂದೇ ಮಾತು: ಸಮಾಧಿಯ ಜಾಗ ಬಿಡಬೇಕು, ಅಲ್ಲಿಗೆ ಹೋಗಲು ದಾರಿ ಬಿಡಬೇಕು, ಪಕ್ಕದಲ್ಲಿ ತನಗೂ ಇಷ್ಟು ಜಾಗ ಬೇಕು.

ಎಂಜಿನಿಯರ್ ದೊಡ್ಡ ನಕ್ಷೆಯನ್ನು ಕಟ್ಟೆಯ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಗಡಿಗೆ ಇಟ್ಟು, ಮೂಡಣ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚೌಕ ಬರೆದ. "ಇದು ನಿಮ್ಮ ಯಜಮಾನರದ್ದು ಅಮ್ಮ. ಇದು ನಿಮ್ಮದು. ಇದು ದಾರಿ."

ದೊಡ್ಡವ್ವ ಬಗ್ಗಿ ನೋಡಿದಳು. "ನನ್ನದು ಜರಾ ಸಣ್ಣದಾತು ನೋಡ್ರಿ. ಕೂಡ್ರಾಕ ಮಣಕಾಲಿಗೆ ಜಾಗ ಸಾಲಬೇಕಲ್ಲ."

ಅವನು ರಬ್ಬರಿನಿಂದ ಉಜ್ಜಿ ಚೌಕವನ್ನು ದೊಡ್ಡದು ಮಾಡಿದ. ಆ ಸಂಜೆ ದೊಡ್ಡವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು, ಕಲಬುರಗಿಯಲ್ಲಿ ಪ್ಲಾಟು ಸಿಕ್ಕವರ ಹಾಗೆ: "ನಕಾಶಿದಾಗ ನನ್ನ ಜಾಗ ಹಿಡದಾರ."

ಬೇಲಿ ಬಂತು. ಸಿಮೆಂಟಿನ ಕಂಬ, ಮುಳ್ಳುತಂತಿ, ಕಬ್ಬಿಣದ ಗೇಟು. ಬೇಲಿ ಹಾಕಿದವರ ಕೈಯಲ್ಲಿದ್ದ ನಕ್ಷೆಯಲ್ಲಿ ಚೌಕವೂ ಇರಲಿಲ್ಲ, ದಾರಿಯೂ ಇರಲಿಲ್ಲ. ಅದು ಬೇರೆ ಕಚೇರಿಯಲ್ಲಿ ತಯಾರಾದದ್ದಂತೆ. ಎಂಜಿನಿಯರ್ ಓಡಾಡಿದ, ಫೋನು ಮಾಡಿದ. ತಿದ್ದುಪಡಿಗೆ ಕಳಿಸಿದ್ದೇನೆ ಎಂದ. ಅಲ್ಲಿಯ ತನಕ ಅಮ್ಮನನ್ನು ಒಳಗೆ ಬಿಡು ಎಂದು ಕಾವಲುಗಾರನಿಗೆ ಹೇಳಿ ಹೋದ. ಒಂದಷ್ಟು ಕಾಲ ಹಾಗೇ ನಡೆಯಿತು. ಆಮೇಲೆ ಕಾವಲುಗಾರ ಬದಲಾದ. ಹೊಸಬ ಕೆಟ್ಟವನಲ್ಲ, ಹೆದರಿದವನು. "ಒಳಗ ಬಿಟ್ಟರ ನನ್ನ ತಗದ ಒಗೀತಾರ ಅವ್ವಾ, ಮಕ್ಕಳೊಂದಿಗ ಅದೀನಿ," ಎಂದ. ದೊಡ್ಡವ್ವ ಅವನೊಡನೆ ಜಗಳಾಡಲಿಲ್ಲ.

ಸಿಟ್ಟು ಮಾಡಿಕೊಂಡು ಅಫಜಲಪುರಕ್ಕೆ ತಮ್ಮನ ಮನೆಗೆ ಹೋದಳು. ಇನ್ನು ಬರುವುದಿಲ್ಲ ಎಂದು ಟ್ರಂಕನ್ನೂ ಒಯ್ದಿದ್ದಳು. ವಾರ ತುಂಬುವುದರೊಳಗೆ ಟ್ರಂಕಿನ ಸಮೇತ ತಿರುಗಿ ಬಂದಳು.

ಆ ವರ್ಷದ ಎಳ್ಳಮಾಸಿಗೆ ನಾನು ಊರಲ್ಲಿದ್ದೆ. ನಮ್ಮ ಕಡೆ ಎಳ್ಳಮಾಸಿ ಎಂದರೆ ಹೊಲದ ಹಬ್ಬ. ಭಜ್ಜಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಂದರೆ ಅಡುಗೆಯ ಒಂದು ಪಾಲನ್ನು ಹೊಲದ ತುಂಬ ಎರಚಿ, ಆಮೇಲೆ ಉಣ್ಣುವುದು. ಎಲ್ಲರೂ ನದಿ ಕಡೆಯ ಹೊಲಕ್ಕೆ ನಡೆದರು. ದೊಡ್ಡವ್ವ ಮಾತ್ರ ಒಂದು ತಾಟು ತೆಗೆದುಕೊಂಡು ಬೇಲಿಯ ಕಡೆ ತಿರುಗಿದಳು. ನಾನು ಹಿಂದೆ ಹೋದೆ. ಒಳಗೆ ಆಗಲೇ ಬಳ್ಳಾರಿ ಜಾಲಿ ಎದ್ದಿತ್ತು, ಬೇವಿನ ಗಿಡದ ತಲೆಯಷ್ಟೇ ದೂರದಲ್ಲಿ ಕಾಣುತ್ತಿತ್ತು. ಆಕೆ ತಂತಿಯ ಸಂದಿನಿಂದ ಚರಗ ಎರಚಿ, ತಾಟನ್ನು ಕಂಬದ ಬುಡಕ್ಕಿಟ್ಟು, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು ಕೂಗಿದಳು:

"ಏನ್ರೀ... ಮಲ್ಲಣ್ಣಗ ಹೆಣ್ಣ ಮಗು ಆಗ್ಯಾದ್ರೀ... ನಿಮ್ಮಂಗ ಮೂಗ ಅದ..."

ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನನಗೆ ನಾಚಿಕೆಯಾಗಿ, "ಮೆಲ್ಲಗ ಹೇಳು ದೊಡ್ಡವ್ವ," ಎಂದೆ.

"ಮೊದಲ ಬಾಜೂಕ ಕೂಡ್ತಿದ್ದೆ, ಮೆಲ್ಲಗ ಹೇಳ್ತಿದ್ದೆ," ಎಂದಳು. "ಈಗ ದೂರ ಆಗ್ಯಾದಲ್ಲ ತಂಗಿ."

ಎಂಜಿನಿಯರ್ ಕೊನೆಯ ಸಲ ಬಂದದ್ದು ಯಾರೂ ಕಳಿಸದೆ, ತಾನಾಗಿಯೇ. ಅವನನ್ನು ಬೇರೆ ಕಡೆ ಹಾಕಿದ್ದರು. ಆ ದಿನ ನಾನೂ ಅಲ್ಲಿದ್ದೆ. ಟರ್ಮಿನಲ್ಲಿನವರು, ಮೊದಲು ನೀವು ಸ್ಥಾವರ ಕಟ್ಟಿ, ಕೊಳ್ಳುವವರಿಲ್ಲದೆ ನಾವು ಗ್ಯಾಸು ತಂದು ಏನು ಮಾಡೋಣ ಎಂದರಂತೆ. ಸ್ಥಾವರದವರು, ಮೊದಲು ನೀವು ಟರ್ಮಿನಲ್ ಕಟ್ಟಿ, ಗ್ಯಾಸಿಲ್ಲದೆ ನಾವು ಏನು ಸುಡೋಣ ಎಂದರಂತೆ. ಗಂಡಿನವರು ಹೆಣ್ಣಿನವರು ಮುಹೂರ್ತಕ್ಕೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತ ಹಾಗೆ. ಅಷ್ಟರಲ್ಲಿ ಹೊರದೇಶದಲ್ಲಿ ಗ್ಯಾಸು ತುಟ್ಟಿಯಾಯಿತು. ಅದರಿಂದ ಮಾಡಿದ ಕರೆಂಟನ್ನು ಯಾರೂ ಕೊಳ್ಳುವುದಿಲ್ಲ ಎಂದಾಯಿತು. ಇಷ್ಟು ಹೇಳಿ ಅವನು, "ಟರ್ಮಿನಲ್ ಬರುವುದಿಲ್ಲ ಅಂತ ಕಾಣ್ತದೆ ಅಮ್ಮ," ಎಂದ. ಮುಂದಿದ್ದ ರೊಟ್ಟಿಯನ್ನು ಮುಟ್ಟಿರಲಿಲ್ಲ.

"ಹಂಗಾರ ತಂತಿ ತಗೀತಾರೇನ್ರಿ?" ಎಂದಳು ದೊಡ್ಡವ್ವ.

"ಯೋಜನೆ ರದ್ದಾಯಿತು ಅಂತ ಆದೇಶ ಆಗಬೇಕು. ಆಮೇಲೆ..."

"ಅದು ಯಾವಾಗ ಆಗ್ತದ್ರಿ?"

"ರದ್ದು ಮಾಡುವುದಿಲ್ಲ ಅಮ್ಮ. ಹಾಗೇ ಇಟ್ಟಿರ್ತಾರೆ."

ಆಕೆ ತಾಟನ್ನು ಅವನ ಹತ್ತಿರ ಸರಿಸಿ, "ರೊಟ್ಟಿ ತಣ್ಣಗಾತು. ಉಣ್ರಿ," ಎಂದಳು. ಅವನು ತಲೆ ಬಗ್ಗಿಸಿ ಉಂಡ. ಮತ್ತೆ ನಾವು ಅವನನ್ನು ಕಾಣಲಿಲ್ಲ.

ಸಮಾಧಿಗೆ ದಾರಿ ಬಿಡಿರೆಂದು ನಾನು ಅರ್ಜಿಗಳನ್ನು ಬರೆದೆ. ಕನ್ನಡ ಟೀಚರಿನ ಅರ್ಜಿಗಳು. ವ್ಯಾಕರಣದಲ್ಲಿ ಒಂದು ತಪ್ಪಿರಲಿಲ್ಲ. ಯಾವ ಕಚೇರಿಯೂ ಇಲ್ಲ ಎನ್ನಲಿಲ್ಲ. ಎಲ್ಲರೂ ಪಕ್ಕದ ಕಚೇರಿಯ ಕಡೆ ಬೆರಳು ತೋರಿಸಿದರು. ಹಾಗೆ ವರ್ಷಗಳು ಹೋದವು. ದೊಡ್ಡವ್ವನ ಗಂಟಲು ಬಿದ್ದುಹೋಯಿತು. ಬೇಲಿಯ ತನಕ ನಡೆದು, ತುಟಿ ಅಲ್ಲಾಡಿಸಿ ಬರುತ್ತಿದ್ದಳು.

ಒಂದು ಬಿರುಬೇಸಿಗೆಯಲ್ಲಿ ತೀರಿಕೊಂಡಳು. ಬೆಳಿಗ್ಗೆ ಕುಣಿ ತೋಡಲೆಂದು ಸಲಿಕೆ ಗುದ್ದಲಿ ಹಿಡಿದು ಹೋದವರು ಗೇಟಿನಿಂದಲೇ ತಿರುಗಿ ಬಂದರು. ಮಲ್ಲಣ್ಣ ಕಾವಲುಗಾರನ ಕಾಲು ಹಿಡಿದ. ಅವನೂ ಅಳುತ್ತಲೇ ಮೇಲಿನವರಿಗೆ ಫೋನು ಮಾಡಿದ. ಬರಹದಲ್ಲಿ ಅನುಮತಿ ಬೇಕು ಎಂದರು. ಕೊಡಬೇಕಾದವರು ರಜೆಯಲ್ಲಿದ್ದರು. ಮನೆಯ ಮುಂದೆ ಹೂವಿನ ವಿಮಾನದಲ್ಲಿ ದೊಡ್ಡವ್ವ ಕೂತಿದ್ದಳು, ಹಣೆಗೆ ವಿಭೂತಿ, ಬಿಸಿಲಿಗೆ ಚೆಂಡುಹೂವು ಬಾಡುತ್ತಿತ್ತು. ಭಜನೆಯವರು ಹಾಡಿ ಹಾಡಿ ದಣಿದು ನಿಂತರು. ಕೊನೆಗೆ ಮಠದ ಅಯ್ಯನವರು, "ಇನ್ನ ಇಡಬಾರದಪ್ಪ ಮಲ್ಲಣ್ಣ," ಎಂದರು. ನದಿ ಕಡೆಯ ಹೊಲಕ್ಕೆ ಮಳೆಗಾಲದಲ್ಲಿ ಹೊಳೆ ನುಗ್ಗುತ್ತದೆ, ಅಲ್ಲಿ ಸಮಾಧಿ ನಿಲ್ಲುವುದಿಲ್ಲ. ಹಳ್ಳದ ದಂಡೆಯ ಊರ ರುದ್ರಭೂಮಿಯಲ್ಲಿ ಮಣ್ಣು ಕೊಟ್ಟೆವು. ಅಲ್ಲಿ ಒಬ್ಬರಿಗೆ ಒಬ್ಬರು ಒತ್ತಿಕೊಂಡೇ ಕೂತಿದ್ದಾರೆ. ದೊಡ್ಡವ್ವನ ಮೊಣಕಾಲಿಗೆ ಜಾಗ ಸಾಲಿತೋ ಇಲ್ಲವೋ, ನಾನು ಬಗ್ಗಿ ನೋಡಲಿಲ್ಲ.

ಗ್ಯಾಸಿನವನು ಹೊಸ ನಳಿಗೆ ಹಾಕಿ ಹೋದ ಮರುದಿನವೇ ಮಲ್ಲಣ್ಣನ ಫೋನು ಬಂತು. "ಅಕ್ಕಾ, ಗೇಟ ಯಾರೋ ಕಿತ್ತಿ ಒಯ್ದಾರ. ಕಾವಲಿಯವನೂ ಇಲ್ಲ. ಬರ್ತಿಯೇನು? ಅವ್ವನ ಕುಣಿದಾಗಿನ ಹಿಡಿ ಮಣ್ಣಾದ್ರೂ ಒಯ್ದು ಅಪ್ಪನ ಬಾಜೂಕ ಹಾಕೂಣು." ನಾನು ಮೊದಲ ಬಸ್ಸಿಗೇ ಹೋದೆ.

ಯಾರೂ ತಡೆಯಲಿಲ್ಲ. ತಡೆಯಲು ಯಾರೂ ಇರಲಿಲ್ಲ. ಮಲ್ಲಣ್ಣ ಕುಡುಗೋಲಿನಿಂದ ಜಾಲಿ ಸವರುತ್ತ ಮುಂದೆ, ನಾನು ಮಣ್ಣಿನ ಗಂಟು ಹಿಡಿದು ಹಿಂದೆ. ಬೇವಿನ ಗಿಡವನ್ನು ಯಾರು ಯಾವಾಗ ಕಡಿದರೋ, ಬುಡವೂ ಕಾಣಲಿಲ್ಲ. ಯಾವಾಗಲೋ ಜೆಸಿಬಿ ಓಡಾಡಿ ಬದುಗಳೆಲ್ಲ ಸಪಾಟಾಗಿದ್ದವು. ಒಂದು ಕಲ್ಲು ಸಿಕ್ಕಿತೆಂದು ಕೂತು ಮಣ್ಣು ಕೆದರಿದೆವು. ಅದು ಅಳತೆಯವರು ನೆಟ್ಟ ಕಲ್ಲು. ಇನ್ನೊಂದು ಕಡೆ ಇನ್ನೊಂದು ಕಲ್ಲು, ಅದೂ ಅಂಥದ್ದೇ. ಹುಟ್ಟಿದಾಗಿನಿಂದ ಆ ಹೊಲದಲ್ಲಿ ಆಡಿ ಬೆಳೆದ ಮಲ್ಲಣ್ಣನಿಗೆ ಅವನ ಅಪ್ಪ ಎಲ್ಲಿದ್ದಾನೆ ಎಂದು ತಿಳಿಯಲಿಲ್ಲ.

ಅವನು ಜಾಲಿಯ ಚೂರು ನೆರಳಲ್ಲಿ ಕೂತ. ಕೈಯೆಲ್ಲ ಮುಳ್ಳು ಗೀರಿ ರಕ್ತ. ಒಂದು ಮುಳ್ಳನ್ನು ಕಿತ್ತು ಒಗೆದು ಹೇಳಿದ: "ಅಕ್ಕಾ, ನಾ ಸತ್ತರ ನನ್ನ ಸುಟ್ಟುಬಿಡ್ರಿ."

"ಹಂಗ ಅನಬಾರದೋ. ನಮ್ಮಲ್ಲಿ ಸುಡಂಗಿಲ್ಲ."

"ಸುಟ್ಟರ ಜಾಗ ಬೇಕಾಗಂಗಿಲ್ಲ. ಯಾರನೂ ಕೇಳಬೇಕಾಗಂಗಿಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ನಾಳೆ ಪೇಟೆಯಿಂದ ಏನು ತರಬೇಕು ಎಂದು ಹೇಳುವವನ ಹಾಗೆ ಹೇಳಿದ. "ನನ್ನ ಮಗಳಿಗೆ ಇದ ಹುಡುಕೂ ಕೆಲಸ ಬ್ಯಾಡ."

ಅವನಿಗಿಂತ ದೊಡ್ಡವಳು ನಾನು. ಇಂಥ ಹೊತ್ತಿಗೆ ಹೇಳಬೇಕಾದ ಮಾತುಗಳನ್ನು ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದವಳು. ಮಣ್ಣಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅವನು ಎದ್ದು, ನನ್ನ ಕೈಯಿಂದ ಮಣ್ಣಿನ ಗಂಟು ತೆಗೆದುಕೊಂಡು, "ನಡಿ ಅಕ್ಕಾ, ಬಿಸಲ ಏರಾಕತ್ತದ," ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೆ. ಜೇವರ್ಗಿಯಿಂದ ಆಳಂದದ ತನಕ ತೊಗರಿ ಹೊಲ, ಜೋಳದ ಹೊಲ, ಅಲ್ಲಲ್ಲಿ ಗಿಡದ ಕೆಳಗೆ ಸುಣ್ಣ ಬಳಿದ ಒಂದೊಂದು ಸಮಾಧಿ. ಇಷ್ಟು ವರ್ಷ ಓಡಾಡಿದ ದಾರಿ, ಅವು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಈಗ ಒಂದೂ ಕಣ್ತಪ್ಪಲಿಲ್ಲ. ಪ್ರತಿಯೊಂದನ್ನು ಕಂಡಾಗಲೂ, ಇದರ ಮೇಲೆ ಯಾವ ಕಚೇರಿಯಲ್ಲಿ ಯಾರು ಗೆರೆ ಎಳೆಯುತ್ತಿದ್ದಾರೋ ಎಂದುಕೊಂಡೆ. ಮನೆಗೆ ಬಂದು ಎಷ್ಟೋ ದಿನವಾಯಿತು. ಮಲ್ಲಣ್ಣನಿಗೆ ಉತ್ತರ ಹೇಳಬೇಕೆಂದು ಫೋನು ಕೈಗೆತ್ತಿಕೊಳ್ಳುತ್ತೇನೆ. ಸುಡುವುದು ಬೇಡ ಎನ್ನಲು, ಎಲ್ಲಿ ಹೂಳುವುದೆಂದು ನನಗೆ ಗೊತ್ತಿರಬೇಕಲ್ಲ. ಫೋನನ್ನು ಕೆಳಗಿಡುತ್ತೇನೆ.