ಮೂತಿ ಎತ್ತಿದ ಟ್ರೈಲರ್

ನಗು ಬಂದರೆ ತಡೆಯುವುದು ನನ್ನ ಕೈಲಾಗದ ಕೆಲಸ. ನಾವು ಮೂವರು ಓರಗಿತ್ತಿಯರು ಮೊದಲ ಸಲ ಹೊರಗಿನವರ ಅಡುಗೆ ಒಪ್ಪಿಕೊಂಡು ಹೊನ್ನಾಳಿಯ ನಾಮಕರಣಕ್ಕೆ ಹೊರಟ ದಿನವಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅದಕ್ಕೂ ಮುಂಚೆ ಜೀವ ಬಾಯಿಗೆ ಬಂದಿತ್ತು ಅನ್ನುವುದೂ ನಿಜ.

ನಮ್ಮೂರು ನ್ಯಾಮತಿ ಹತ್ತಿರ. ಮಾವನವರಿಗೆ ಈ ಅಡುಗೆಯ ಉದ್ಯೋಗ ಸುತರಾಂ ಇಷ್ಟವಿರಲಿಲ್ಲ. ಅವರು ಸೊಸೆಯರ ಜೊತೆ ನೇರವಾಗಿ ಮಾತಾಡುವವರೇ ಅಲ್ಲ. ಅತ್ತೆಯ ಕಡೆ ತಿರುಗಿ, "ಇದೊಂದು ಸಲ ಹೋಗಿ ಬರ್ಲಿ. ಏನಾರ ಹೆಚ್ಚುಕಮ್ಮಿ ಆತೋ, ಅಲ್ಲಿಗೆ ಮುಗೀತು ಅಂತ ಹೇಳು" ಅಂದರು. ನಾವು ಅಲ್ಲೇ ಪಕ್ಕದಲ್ಲಿ ಕೊತ್ತಂಬರಿ ಬಿಡಿಸುತ್ತ ಕೂತಿದ್ದೆವು.

ಅವತ್ತು ಬರಬೇಕಿದ್ದ ಲಗೇಜ್ ಆಟೋ ಕೈಕೊಟ್ಟಿತು. ಡ್ರೈವರನ ಫೋನು ಸ್ವಿಚ್ ಆಫ್. ಹೋಳಿಗೆ, ಪಲ್ಯ ಹೇಗೋ ಸಾಗಿಸಬಹುದು, ಕೊಪ್ಪರಿಗೆ ತುಂಬ ಇದ್ದ ಹೆಸರುಬೇಳೆ ಪಾಯಸವನ್ನು ಏನು ಮಾಡುವುದು? ಕೊನೆಗೆ ಮಾವನವರೇ ಗೊಣಗುತ್ತ ಟ್ರ್ಯಾಕ್ಟರಿಗೆ ಎರಡು ಚಕ್ರದ ಟ್ರೈಲರ್ ಸಿಕ್ಕಿಸಿದರು. ಇಳಿಸಲು ಸಲೀಸು ಎಂದು ಪಾತ್ರೆಗಳನ್ನೆಲ್ಲ ಹಿಂದಿನ ಬಾಗಿಲ ಹತ್ತಿರ ಇಟ್ಟೆವು. ನಾವೂ ಅಲ್ಲೇ ಒತ್ತಿಕೊಂಡು ಕೂತೆವು. ಮುಂದೆ ಕೂತರೆ ಮಾವನವರ ಬೆನ್ನಿಗೇ ಕೂತಂತೆ. ಅವರೆದುರು ಕುರ್ಚಿಯಲ್ಲೂ ಕೂತವರಲ್ಲ ನಾವು.

ಊರು ದಾಟುತ್ತಲೇ ಟ್ರೈಲರ್ ಅತ್ತಿಂದಿತ್ತ ಬಾಲ ಆಡಿಸತೊಡಗಿತು. ಮುಂಭಾಗ ಮೇಲೆದ್ದಿತ್ತು, ನಾವು ಕೂತ ಭಾಗ ಕುಸಿದಿತ್ತು. ಕೊಪ್ಪರಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಒದ್ದೆಯಾಗಿ ಪಾಯಸ ನನ್ನ ಸೀರೆಗೆ ಇಳಿಯತೊಡಗಿತು.

"ನಿಲ್ಸಾಕೆ ಹೇಳೇ" ಅಂದಳು ದೊಡ್ಡ ಓರಗಿತ್ತಿ.

"ನೀನೇ ಹೇಳಕ್ಕ" ಅಂದೆ.

ಮಾವನವರನ್ನು ಕೂಗಿ ಕರೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಇನ್ನೊಂದು ಹಂಪ್ ಬಂದರೆ ನಮ್ಮ ಉದ್ಯೋಗವೇ ರಸ್ತೆಪಾಲು. ನನಗೆ ಸಿಟ್ಟು ನೆತ್ತಿಗೇರಿತು. ಸೌಟು ಎತ್ತಿಕೊಂಡು ಟ್ರೈಲರಿನ ತಗಡಿಗೆ ದಬದಬ ಬಡಿದೆ.

ಟ್ರ್ಯಾಕ್ಟರ್ ನಿಂತಿತು. ಮಾವನವರು ಇಳಿದು ಬಂದು ಮೊದಲು ಸೌಟನ್ನು, ಆಮೇಲೆ ಟ್ರೈಲರಿನ ಎತ್ತಿದ ಮೂತಿಯನ್ನು ನೋಡಿದರು. ಅಭ್ಯಾಸಬಲದಿಂದ ಅತ್ತೆಗೆ ಹೇಳಲು ಪಕ್ಕಕ್ಕೆ ತಿರುಗಿದರು. ಅಲ್ಲಿ ಅತ್ತೆ ಎಲ್ಲಿ ಬರಬೇಕು? ಒಂದು ಎಮ್ಮೆ ಮೇಯುತ್ತಿತ್ತು. ಅದರ ಕಡೆಗೇ ಮುಖ ಮಾಡಿ, "ಭಾರ ಎಲ್ಲಾ ಹಿಂದೆ ಬಿದ್ದೈತೆ. ಹಿಂಗೆ ಹೋದ್ರೆ ಟ್ರ್ಯಾಕ್ಟರ್ ನನ್ನ ಮಾತು ಕೇಳಾಂಗಿಲ್ಲ. ಮುಂದೆ ಬಂದು ಕೂರಾಕೆ ಹೇಳು" ಅಂದರು.

ಎಮ್ಮೆ ತಲೆ ಎತ್ತಿ ನೋಡಿತು. ನನಗೆ ಉಸಿರು ಕಟ್ಟುವಂಥ ನಗು. ಉಳಿದಿಬ್ಬರೂ ಸೆರಗು ಬಾಯಿಗೆ ತುರುಕಿಕೊಂಡರು, ಪ್ರಯೋಜನವಾಗಲಿಲ್ಲ. ಮಾವನವರು ಗಂಟಲು ಸರಿಮಾಡಿಕೊಂಡರು, ಮೀಸೆ ತೀಡಿದರು, ಕಡೆಗೆ ಅವರ ಭುಜವೂ ಕುಣಿಯತೊಡಗಿತು.

ಪಾತ್ರೆಗಳನ್ನು ಚಕ್ರಕ್ಕಿಂತ ಸ್ವಲ್ಪ ಮುಂದಕ್ಕೆ ಸರಿಸಿ ಹಗ್ಗ ಬಿಗಿದೆವು. ಅವರು ಜಾಕ್ ಕೊಟ್ಟು, ಮೂತಿ ತಗ್ಗಲೆಂದು ಟ್ರೈಲರ್ ಸಿಕ್ಕಿಸುವ ಪಿನ್ನನ್ನು ಒಂದು ತೂತು ಕೆಳಗಿಳಿಸಿದರು. ಆಮೇಲೆ ಕೆಳಗಿನಿಂದಲೇ ನಮ್ಮನ್ನು ಕೇಳಿದರು:

"ಪಾಯಸ ಹೆಂಗೈತೆ ನೋಡ್ರವ್ವ. ಇನ್ನೂ ಹಿಂದಕ್ಕೆ ಹೋಗೈತಾ?"

ಬಟ್ಟೆ ಬಿಚ್ಚಿ ನೋಡಿದೆ. ದ್ರಾಕ್ಷಿ, ಗೋಡಂಬಿ ಹೊತ್ತುಕೊಂಡು ಪಾಯಸ ಸುತ್ತಲೂ ಒಂದೇ ಎತ್ತರಕ್ಕೆ ನಿಂತಿತ್ತು. "ಸಮ ಐತ್ರಿ ಮಾವ!" ಎಂದು ಕೂಗಿಯೇ ಬಿಟ್ಟೆ.

ಹೊನ್ನಾಳಿಯವರೆಗೂ ಅವರ ಬೆನ್ನ ಹಿಂದೆಯೇ ಕೂತು, ಒಬ್ಬರನ್ನೊಬ್ಬರು ಚಿವುಟಿಕೊಂಡು ನಕ್ಕೆವು. ಹಂಪ್ ಬಂದಾಗಲೆಲ್ಲ ಅವರು ತಿರುಗಿ, "ಹಿಡ್ಕಳ್ರಿ" ಅನ್ನುತ್ತಿದ್ದರು. ಟ್ರೈಲರ್ ತೆಪ್ಪಗೆ ಹಿಂದೆ ಬಂತು.

ಊಟ ಮುಗಿದ ಮೇಲೆ ಆ ಮನೆಯೊಡತಿ ಕೊಪ್ಪರಿಗೆಯ ತಳ ಕೆರೆದು ಕೊನೆಯ ಪಾಯಸ ಬಡಿಸಿಕೊಂಡರು. "ಮುಂದಿನ ತಿಂಗಳು ಚನ್ನಗಿರೀಲಿ ತಂಗಿ ಮಗಳ ಸೀಮಂತ. ಅಲ್ಲಿಗೂ ಬರ್ತೀರೇನ್ರಿ?" ಅಂದರು. ನಾವು ಮೂವರೂ ಜಗುಲಿಯ ಕಡೆ ಕಣ್ಣು ಹಾಯಿಸಿದೆವು.

ಜಗುಲಿಯ ಮೇಲೆ ಎಲೆಅಡಿಕೆ ಮಡಚುತ್ತಿದ್ದ ಮಾವನವರು ಅಲ್ಲಿಂದಲೇ ಹೇಳಿದರು: "ಬರ್ತೀವಿ ಬಿಡ್ರಿ. ನಾಲ್ಕೂ ಜನ ಬರ್ತೀವಿ."