ಸ್ಕ್ಯಾನರ್ ಅಳಿಸಿದ ಕುಂಕುಮ

ಸಿಂದಗಿಯ ನನ್ನ ಫೋಟೋ ಅಂಗಡಿಗೆ ಒಂದು ಸ್ಕ್ಯಾನರ್ ಕೊಳ್ಳಬೇಕಿತ್ತು. ನೋಡಿ ಆರಿಸಲೆಂದು ಎರಡು ತರಿಸಿದ್ದೆ. ತುಟ್ಟಿಯದು ಹಳೇ ಫೋಟೋದ ಕಲೆಗಳನ್ನು ತಾನೇ ಅಳಿಸುತ್ತಿತ್ತು. ನನ್ನ ಮನಸ್ಸು ಅದರ ಮೇಲೇ ಇತ್ತು.

ಮೋರಟಗಿಯ ಅಜ್ಜಿಯೊಬ್ಬರು ತಮ್ಮ ಮದುವೆಯ ಕಪ್ಪು-ಬಿಳುಪು ಫೋಟೋ ತಂದರು. ಅದರಲ್ಲಿ ಕುಂಕುಮ ಕೆಂಪಗೆ ಕಾಣಲಿಲ್ಲವೆಂದು ಅವರ ಅತ್ತೆ ಫೋಟೋದಲ್ಲಿನ ಹಣೆಗೆ ಕೆಂಪು ಮಸಿಯ ಬೊಟ್ಟು ಇಟ್ಟಿದ್ದರಂತೆ. ತುಟ್ಟಿ ಸ್ಕ್ಯಾನರಿನಲ್ಲಿ ತೆಗೆದು, ಹೆಮ್ಮೆಯಿಂದ ತೋರಿಸಿದೆ.

ಅಜ್ಜಿ ನನ್ನನ್ನೇ ದುರುಗುಟ್ಟಿ ನೋಡಿದರು. "ತಮ್ಮಾ, ಹಣಿ ಮ್ಯಾಲಿನ ಕುಂಕುಮ ಎಲ್ಲಿ ಹೋತು? ನಮ್ಮ ಮನಿಯವ್ರು ಇನ್ನಾ ಹೊರಗ ಚಾ ಕುಡ್ಯಾಕತ್ತಾರ."

ಗಾಬರಿಯಾಗಿ ಸಾದಾ ಸ್ಕ್ಯಾನರಿನಲ್ಲಿ ಮತ್ತೆ ತೆಗೆದೆ. ಕಲೆ, ಗೀರು, ಬೊಟ್ಟು ಎಲ್ಲ ಇದ್ದ ಹಾಗೇ ಬಂದವು. ಸಾದಾದ್ದೇ ಸಾಕೆಂದು ಆಗಲೇ ತೀರ್ಮಾನಿಸಿದೆ.

ಅಷ್ಟರಲ್ಲಿ ಹೊರಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಅಜ್ಜ ಒಳಗೆ ಬಂದು ಫೋಟೋ ನೋಡಿದರು. "ಕುಂಕುಮ ಐತಲ್ಲ? ಹಂಗಾದ್ರ ಇನ್ನೊಂದು ಚಾ ಹೇಳಪಾ."