ಗೇಟಿನ ತಾರೀಖು, ಹೊಲದ ತಾರೀಖು

ಒಂದೇ ಒಂದು ಭಾನುವಾರ ಇಡೀ ವಿಶ್ವವಿದ್ಯಾಲಯವನ್ನು ಉರುಳಿಸಬಲ್ಲದೆಂಬುದು ಇತ್ತೀಚೆಗೆ ಯಾದಗಿರಿಯಲ್ಲಿ ನನಗೆ ಮನವರಿಕೆಯಾಯಿತು.

ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಮಹಡಿ. ಗಾಜಿನ ಬಾಗಿಲು, ತಣ್ಣನೆಯ ಎ.ಸಿ. ಟೇಬಲ್ಲಿನ ಆಚೆ ಟೈ ಕಟ್ಟಿದ ಒಬ್ಬ ಪ್ರತಿನಿಧಿ. ಈಚೆ ನಾನು ಮತ್ತು ಸುರಪುರದ ನಮ್ಮ ಓಣಿಯ ಸುಜಾತಾ. ದೂರದ ರಾಜ್ಯದ ವಿಶ್ವವಿದ್ಯಾಲಯವೊಂದರ ಎಂಬಿಎ ಪ್ರಾಸ್ಪೆಕ್ಟಸ್ಸನ್ನು ಆತ ಮದುವೆಯ ಆಲ್ಬಮ್ಮಿನಂತೆ ಎರಡೂ ಕೈಯಲ್ಲಿ ಹಿಡಿದು ನಮ್ಮೆದುರು ಬಿಡಿಸಿದ. ಹುಲ್ಲುಹಾಸು, ಗೋಪುರ, ನಗುವ ವಿದ್ಯಾರ್ಥಿಗಳು.

"ನೌಕರಿ ಬಿಡೂದು ಬ್ಯಾಡ, ಕ್ಲಾಸಿಗೆ ಬರೂದು ಬ್ಯಾಡ ಮೇಡಂ. ಎಲ್ಲಾ ಮೊಬೈಲ್‌ನ್ಯಾಗ. ಈ ವರ್ಷದ ಮಾನ್ಯತಾನೂ ಬಂದದ."

ಸುಜಾತಾ ಗೋಪುರವನ್ನು ನೋಡುತ್ತಿದ್ದಳು. ನಾನು ಪರೀಕ್ಷೆಯ ಪುಟಕ್ಕೆ ಹೋದೆ. ಪರೀಕ್ಷೆ ಆರಂಭವಾಗುವ ತಾರೀಖಿನ ಮುಂದೆ 'ಭಾನುವಾರ' ಎಂದಿತ್ತು. ಜೇಬಿನಿಂದ ಚಿಕ್ಕ ಕ್ಯಾಲೆಂಡರ್ ತೆಗೆದೆ (ಕನ್ನಡಕ ಮರೆತೇನು, ಇದನ್ನು ಮರೆಯಲಾರೆ). ಈ ವರ್ಷ ಆ ತಾರೀಖು ಸೋಮವಾರ. ಭಾನುವಾರವಾಗಿದ್ದದ್ದು ಹೋದ ವರ್ಷ!

ಮುಖಪುಟದ ಮೇಲೆ ವರ್ಷವನ್ನು ಸೂಚಿಸುವ ಒಂದು ಸ್ಟಿಕರ್ ಇತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಅಡಿಯಲ್ಲಿ ಹೋದ ವರ್ಷ ಆರಾಮಾಗಿ ಮಲಗಿತ್ತು. ಒಳಗಿನ ಮಾನ್ಯತೆಯ ಪತ್ರವೂ ಅದೇ ವರ್ಷದ್ದು.

"ಪ್ರಿಂಟಿಂಗ್ ಮಿಸ್ಟೇಕ್ರಿ ಅಂಕಲ್," ಎಂದ ಪ್ರತಿನಿಧಿ.

"ಹಾಗಾದರೆ ಈ ವರ್ಷದ ಮಾನ್ಯತೆಯ ಪತ್ರ ತೋರಿಸಿ."

"ಮುಂದಿನ ವಾರ ಬರ್ತದ್ರಿ."

ನಾವು ಎದ್ದೆವು. ಮೆಟ್ಟಿಲಿಳಿಯುತ್ತ ಸುಜಾತಾ, "ಕಾಕಾ, ನೀವಿಲ್ಲಾಂದ್ರ ನಾ ಇವತ್ತs ಸೈನ್ ಮಾಡಿ ಬಿಡ್ತಿದ್ದೆ," ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಊರು ಮುಟ್ಟುವವರೆಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲವೆಂಬುದೂ ಗಮನಕ್ಕೆ ಬರಲಿಲ್ಲ. ಈ ಸಂತೋಷವೇ ಮುಂದಿನ ಅನರ್ಥಕ್ಕೆ ಕಾರಣ.

ಈ ಅಂಕಣವನ್ನು ವಾರವಾರ ಓದುವವರಿಗೆ ನನ್ನ ಚಟ ಗೊತ್ತು. ನಿವೃತ್ತನಾಗುವವರೆಗೆ ನಾನು ಮಾಡಿದ ಕೆಲಸ ಒಂದೇ: ಶಾಸನಗಳನ್ನು ಓದಿ, ಅವುಗಳ ತಿಥಿ, ವಾರಗಳನ್ನು ಪಂಚಾಂಗಗಳೊಂದಿಗೆ ತಾಳೆ ನೋಡಿ, ಕಾಲ ನಿರ್ಣಯಿಸುವುದು. ಅಭ್ಯಾಸ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಬಂದರೂ ಮೊದಲು ವಾರ ಸರಿಯಿದೆಯೇ ಎಂದು ನೋಡುತ್ತೇನೆ. ವಧೂವರರ ಹೆಸರು ಆಮೇಲೆ.

ಇನ್ನು ಸುಜಾತಾ. ಬಿ.ಕಾಂ. ಮುಗಿಸಿದವಳು, ಮದುವೆಯಾಗಿ ನಮ್ಮ ಓಣಿಗೆ ಬಂದವಳು. ಶಹಾಪುರದ ಗುರುಲಿಂಗಪ್ಪ ಸಾಹುಕಾರರ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಯಾವ ರೈತನ ಗದ್ದೆಗೆ ಯಾವಾಗ ಏನು ಬೇಕಾಗುತ್ತದೆಂಬುದನ್ನು ರೈತನಿಗಿಂತ ಮೊದಲೇ ಊಹಿಸುವಾಕೆ ಎಂದು ಸಾಹುಕಾರರೇ ಹೇಳುತ್ತಾರೆ (ಆಕೆಯ ಎದುರಿಗಲ್ಲ).

ಸಾಹುಕಾರರು ಈ ಹಂಗಾಮಿಗೆ ಇನ್ನೊಂದು ಅಂಗಡಿ ತೆರೆಯಲು ಹೊರಟಿದ್ದರು. ಶಹಾಪುರದಿಂದಾಚೆ, ಕಾಲುವೆ ಮುಗಿಯುವ ಕಡೆಯ ಒಂದು ಊರಿನಲ್ಲಿ. ಅದು ಸುಜಾತಾಳ ತವರೂರು. ಆಕೆಯ ತಾಯಿ ಇಂದಿಗೂ ಅಲ್ಲಿ ಮಂದಿಯ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುತ್ತಾರೆ.

ಆದರೆ ಬೀಜದ ಕಂಪನಿಯವರು ಒಂದು ಕೊಕ್ಕೆ ಹಾಕಿದ್ದರು: ಹೊಸ ಅಂಗಡಿಯ ಮ್ಯಾನೇಜರ್ ಎಂಬಿಎ ಓದಿರಬೇಕು, ಕೊನೆಯ ಪಕ್ಷ ಓದುತ್ತಿರಬೇಕು. ಸಾಹುಕಾರರು ಅದಕ್ಕೆ ತಮ್ಮವೂ ಎರಡು ಸೇರಿಸಿದರು.

"ಕಾಲುವಿಗೆ ನೀರ ಬರೂದ್ರೊಳಗ ಅಡ್ಮಿಷನ್ ರಸೀದಿ ತಂದ ತೋರಸ ಯವ್ವಾ. ಮತ್ತ, ನೀರ ಚಾಲೂ ಇದ್ದಾಗ ರಜಾ ಕೇಳಬ್ಯಾಡ. ಆಗಲ್ಲಂದ್ರ ಈಗs ಹೇಳು. ನಮ್ಮ ತಮ್ಮನ ಮಗ ಹೈದರಾಬಾದಿನ್ಯಾಗ ಎಂಬಿಎ ಮುಗಿಸಿ ಮನ್ಯಾಗ ಕುಂತಾನ."

ಹೊರಗಿನ ಓದುಗರಿಗೆ ಒಂದು ಮಾತು. ನಮ್ಮ ಕಡೆ ವಾರಗಳಿರುವುದು ಏಳಲ್ಲ, ಎರಡೇ: ಚಾಲೂ ಮತ್ತು ಬಂದ್. ಜಲಾಶಯದ ಗೇಟು ಎತ್ತಿ ಕಾಲುವೆಗೆ ಕೆಲವು ದಿನ ನೀರು ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಹಂಗಾಮಿನ ಆರಂಭದಲ್ಲೇ ಆ ದಿನಗಳ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ. ನೀರು ಬಂದರೆ ಗೊಬ್ಬರದ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೀಮಂತ, ಗೃಹಪ್ರವೇಶಗಳನ್ನೂ 'ಎರಡನೇ ಬಂದ್‌ನ್ಯಾಗ ಇಟ್ಟುಕೊಂಡೇವಿ' ಎಂದು ಹೇಳುವ ಸೀಮೆ ನಮ್ಮದು.

ಹೀಗಾಗಿ ಸುಜಾತಾಳಿಗೆ ಬೇಕಾಗಿದ್ದದ್ದು ಸಂಪರ್ಕ ತರಗತಿಗಳೂ ಪರೀಕ್ಷೆಯೂ ಬಂದ್ ದಿನಗಳಲ್ಲೇ ಬರುವಂಥ ವಿಶ್ವವಿದ್ಯಾಲಯ. ಗಾಜಿನ ಬಾಗಿಲಿನದು ಬಿದ್ದುಹೋದ ಮೇಲೆ ಉಳಿದದ್ದು ಎರಡು. ಎರಡೂ ಅಂಚೆ ಶಿಕ್ಷಣದವು, ಎರಡಕ್ಕೂ ಮಾನ್ಯತೆ ಇತ್ತು (ಪತ್ರಗಳನ್ನು ನಾನೇ ನೋಡಿದೆ, ಎರಡು ಸಲ). ಒಂದು ಹಳೆಯದು, ಹೆಸರುವಾಸಿ. ಇನ್ನೊಂದು ಅಷ್ಟೇನೂ ಹೆಸರಿಲ್ಲದ್ದು. ಅದರ ಮಾಹಿತಿಪತ್ರವೆಂದರೆ ಓರೆಯಾಗಿ ಬಂದ ಒಂದು ಜೆರಾಕ್ಸ್ ಹಾಳೆ.

"ನನಗೆ ಕೊಟ್ಟುಬಿಡು. ನಾನು ತಾಳೆ ನೋಡಿ ಹೇಳುತ್ತೇನೆ," ಎಂದೆ. ಭಾನುವಾರವನ್ನು ಬೇಟೆಯಾಡಿದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ.

ನೀರಾವರಿಯ ಪಟ್ಟಿಯನ್ನು ಮೂರು ಪತ್ರಿಕೆಗಳಲ್ಲಿ ಹೋಲಿಸಿದೆ. ಒಂದರಲ್ಲಿ ಮುದ್ರಣದೋಷವಿತ್ತು, ಸಂಪಾದಕರಿಗೆ ಕಾರ್ಡು ಬರೆದೆ. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಗೆರೆ ಎಳೆದು ಚೌಕುಳಿಗಳನ್ನು ಮಾಡಿದೆ. ಚಾಲೂ ದಿನಗಳಿಗೆ ನೀಲಿ, ಬಂದ್ ದಿನಗಳಿಗೆ ಹಳದಿ, ತರಗತಿಗಳಿಗೆ ಕೆಂಪು. ಒಂದು ವಾರ ಹಿಡಿಯಿತು.

"ಏನ್ರಿ, ಆ ಹುಡಿಗಿ ಎಂಬಿಎ ಮುಗಿಯೂದ್ರೊಳಗ ನಿಮ್ಮ ಚಾರ್ಟ್ ಮುಗೀತದೋ ಇಲ್ಲೋ?" ಎಂದು ನನ್ನಾಕೆ ಕೇಳಿದಳು. ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ.

ಫಲಿತಾಂಶ ಸ್ಪಷ್ಟವಾಗಿತ್ತು. ಹೆಸರುವಾಸಿ ವಿಶ್ವವಿದ್ಯಾಲಯದ ತರಗತಿಗಳು ಗೇಟು ಮುಚ್ಚಿದ ಮಾರನೆಯ ದಿನವೇ ಆರಂಭವಾಗಿ, ಹಳದಿ ಚೌಕುಳಿಗಳೊಳಗೇ ಅಚ್ಚುಕಟ್ಟಾಗಿ ಮುಗಿಯುತ್ತಿದ್ದವು. ಜೆರಾಕ್ಸ್ ಹಾಳೆಯದು ಬಂದ್ ಮುಗಿಯುತ್ತ ಬಂದಾಗ ಆರಂಭವಾಗಿ, ಮುಂದಿನ ಚಾಲೂವಿನ ಮೊದಲ ಕೆಲವು ದಿನಗಳಿಗೂ ಕಾಲು ಚಾಚಿತ್ತು. ಅದರ ಮೇಲೆ ಕೆಂಪು ಗೀಟು ಎಳೆದೆ. ಇಷ್ಟು ನಿಖರವಾದ ಶಿಫಾರಸನ್ನು ಬಹುಶಃ ಯಾವ ವಿದ್ಯಾರ್ಥಿಗೂ ಯಾರೂ ಮಾಡಿರಲಿಕ್ಕಿಲ್ಲ!

ಶನಿವಾರ ಸಂಜೆ ಸುಜಾತಾ ಬಂದಳು. ನೀರು ಬಿಡುವುದು ಸೋಮವಾರ. ಅಂದರೆ ಸಾಹುಕಾರರ ಗಡುವಿಗೆ ಉಳಿದದ್ದು ಒಂದೇ ದಿನ. ಅದೂ ರಜೆಯ ಭಾನುವಾರ. ಹೆಸರುವಾಸಿ ವಿಶ್ವವಿದ್ಯಾಲಯಕ್ಕೆ ಆನ್‌ಲೈನಿನಲ್ಲೇ ಸೇರಬಹುದಾಗಿದ್ದುದರಿಂದ ನನಗೆ ಆತಂಕವಿರಲಿಲ್ಲ. ಹಾಳೆಯನ್ನು ಮಂಚದ ಮೇಲೆ ಹಾಸಿದೆ.

ಆಕೆ ಬಗ್ಗಿ ನೋಡಿದಳು. ಆಮೇಲೆ ನೀಲಿ ಚೌಕುಳಿಯ ಮೇಲೆ ಬೆರಳಿಟ್ಟು ಕೇಳಿದಳು:

"ಕಾಕಾ, ಈ ತಾರೀಖ ಎಲ್ಲೀದು?"

"ಸರ್ಕಾರಿ ಆದೇಶದ್ದು. ಮೂರು ಪತ್ರಿಕೆಯಲ್ಲಿ ತಾಳೆ ನೋಡಿದ್ದೇನೆ."

"ಅದು ಖರೇರಿ. ಆದ್ರ ಇದು ಗೇಟಿನ ತಾರೀಖ. ಗೇಟ್ ಎತ್ತಿದ ಕೂಡ್ಲೆ ನಮ್ಮೂರಿಗೆ ನೀರ ಬರ್ತದೇನ್ರಿ? ಹುಣಸಗಿ ಗೇಟಿಗೆ ಹತ್ರದ ಊರು, ಅಲ್ಲಿ ಲಗೂನ ಬರ್ತದ. ನಮ್ಮದು ಕಾಲುವಿ ಕೊನಿ. ಮ್ಯಾಲಿನವರೆಲ್ಲಾ ಹಾಯಿಸಿಕೊಂಡು ನಮ್ಮ ಪಾಳಿ ಬರೂದ್ರಾಗ ನಾಕ ದಿನ ಆಗ್ತದ. ಗೇಟ್ ಇಳಿಸಿದ ಮ್ಯಾಲೂ ದಾರ್ಯಾಗಿನ ನೀರು ಹರಕೋತ ಇರ್ತದ. ಖರೆ ಗದ್ದಲ ಇರೂದು ಆಗs."

ನಾನು ಹಾಳೆಯನ್ನು ನೋಡಿದೆ. ನೀಲಿಯೆಲ್ಲವನ್ನೂ ನಾಲ್ಕು ಮನೆ ಮುಂದಕ್ಕೆ ಸರಿಸಿಕೊಂಡು ನೋಡಿದೆ. ಹೆಸರುವಾಸಿ ವಿಶ್ವವಿದ್ಯಾಲಯದ ತರಗತಿಗಳು ಸರಿಯಾಗಿ ಆ ಊರಿನ ಗದ್ದಲದ ನಡುವೆ ಬಂದು ಕುಳಿತವು. ನಾನು ಕೆಂಪು ಗೀಟು ಎಳೆದಿದ್ದ ಜೆರಾಕ್ಸ್ ಹಾಳೆಯದು? ಮೊದಲ ದಿನದಿಂದ ಕೊನೆಯ ದಿನದವರೆಗೆ ಒಣಗಿದ ಕಾಲುವೆಯ ದಿನಗಳಲ್ಲೇ ಇತ್ತು. ಪರೀಕ್ಷೆಯೂ ಸಹ.

ನನ್ನ ಒಂದು ತಾರೀಖೂ ತಪ್ಪಿರಲಿಲ್ಲ. ಚಾರ್ಟ್ ಪೂರ್ತಿ ತಪ್ಪಾಗಿತ್ತು!

"ಮುಂಚೆಯೇ ಹೇಳಬಾರದಿತ್ತೇ?" ಎಂದೆ, ಸ್ವಲ್ಪ ಸಿಡುಕಿನಿಂದಲೇ.

"ನೀವು ಕೇಳಲಿಲ್ಲಲ್ರಿ. ಇಷ್ಟು ಓದಿದವರು, ಗೊತ್ತಿರ್ತದ ಅಂತ ಸುಮ್ಮನಿದ್ದೆ."

ಅಡುಗೆಮನೆಯಿಂದ ನನ್ನಾಕೆಯ ನಗು ಕೇಳಿಸಿತು.

ನಗುವ ಸಂದರ್ಭ ಅದಾಗಿರಲಿಲ್ಲ. ಜೆರಾಕ್ಸ್ ಹಾಳೆಯ ವಿಶ್ವವಿದ್ಯಾಲಯಕ್ಕೆ ಆನ್‌ಲೈನಿನಲ್ಲಿ ಸೇರುವಂತಿರಲಿಲ್ಲ. ಮೂಲ ಅಂಕಪಟ್ಟಿಗಳನ್ನು ಯಾದಗಿರಿಯ ಅಧ್ಯಯನ ಕೇಂದ್ರದಲ್ಲಿ ತೋರಿಸಿದರೆ ಮಾತ್ರ ಪ್ರವೇಶ. ಕೇಂದ್ರ ತೆರೆಯುವುದು ಸೋಮವಾರ. ನಾನು ಬಣ್ಣ ತುಂಬುತ್ತ ಕಳೆದ ಒಂದು ವಾರ ಆ ಹುಡುಗಿಯ ಒಂದು ವಾರವಾಗಿತ್ತು.

ಸೋಮವಾರ ನಾವಿಬ್ಬರೂ ಮೊದಲ ಬಸ್ಸು ಹಿಡಿದೆವು. ಕೇಂದ್ರದ ಗುಮಾಸ್ತರು ಕಾಗದಗಳನ್ನೆಲ್ಲ ನೋಡಿ ತಲೆಯಾಡಿಸಿದರು. "ಎಲ್ಲಾ ಬರೋಬ್ಬರಿ ಅವ. ಸರ್ವರ್ ಡೌನ್ ಅದ. ಚಾ ಕುಡದ ಬರ್ರಿ." ಚಹಾ ಕುಡಿದು ಬಂದೆವು. ಊಟ ಮಾಡಿಯೂ ಬಂದೆವು. ಸುಜಾತಾ ಅವರ ಮೇಜಿನೆದುರೇ ಕುಳಿತು, ಪಠ್ಯಕ್ರಮದ ಹಾಳೆಯನ್ನು ಓದತೊಡಗಿದಳು. ಅಂತೂ ರಸೀದಿ ಆಕೆಯ ಕೈಗೆ ಬಂದಾಗ ಸಂಜೆಯಾಗಿತ್ತು. ಜಲಾಶಯದ ಗೇಟು ಅಂದು ಬೆಳಿಗ್ಗೆಯೇ ತೆರೆದಿತ್ತು.

ಮಂಗಳವಾರ ಆಕೆಯೊಂದಿಗೆ ನಾನೂ ಶಹಾಪುರದಲ್ಲಿ ಇಳಿದೆ. ತಪ್ಪು ನನ್ನದೆಂದು ಸಾಹುಕಾರರೆದುರು ಒಪ್ಪಿಕೊಳ್ಳಬೇಕಿತ್ತಲ್ಲ? ದಾರಿಯುದ್ದಕ್ಕೂ ವಾಕ್ಯಗಳನ್ನು ಹೊಂದಿಸಿಕೊಂಡಿದ್ದೆ.

ಗುರುಲಿಂಗಪ್ಪ ಸಾಹುಕಾರರ ಮೇಜಿನ ಮೇಲೆ ಅಂದಿನ ಪತ್ರಿಕೆ ಇತ್ತು. ಮೊದಲ ಪುಟದಲ್ಲೇ ಗೇಟಿನಿಂದ ನೊರೆನೊರೆಯಾಗಿ ಧುಮುಕುವ ನೀರಿನ ಚಿತ್ರ. ಅವರು ರಸೀದಿಯನ್ನು ಓದಿದರು, ತಾರೀಖು ನೋಡಿದರು, ಪತ್ರಿಕೆಯ ಕಡೆ ಬೆರಳು ತೋರಿಸಿದರು.

"ನೀರ ನಿನ್ನಿ ಮುಂಜಾನಿನ ಬಂತಲ್ಲ ಯವ್ವಾ. ರಸೀದಿ ನಿನ್ನಿ ಸಂಜೀದದ. ನಮ್ಮ ಕರಾರ ಏನಿತ್ತು?"

ನಾನು ಗಂಟಲು ಸರಿಪಡಿಸಿಕೊಂಡೆ. ಸುಜಾತಾ ನನಗಿಂತ ಮೊದಲೇ ಮಾತಾಡಿದಳು.

"ನೀರ ಬಿಟ್ಟಾರ್ರಿ ಸಾವ್ಕಾರ್ರ. ಬಂದಿಲ್ಲ."

"ಅಂದ್ರ?"

"ಅಂಗಡಿ ಇಡೂದು ಎಲ್ಲಿ? ಗೇಟಿನ ಮುಂದೋ, ನಮ್ಮೂರಾಗೋ? ನಮ್ಮೂರಾಗ ಯಾರಿಗ್ಯಾರ ಫೋನ್ ಹಚ್ಚಿ ಕೇಳ್ರಿ, ನೀರ ಬಂದದೇನಂತ."

ಸಾಹುಕಾರರು ಆಕೆಯನ್ನು ದಿಟ್ಟಿಸಿ ನೋಡಿದರು. ಆಮೇಲೆ ನಿಜವಾಗಿಯೂ ಫೋನ್ ಹಚ್ಚಿದರು. ಅದೂ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ. ಆಚೆ ಕಡೆ ಅವರ ಹಳೆಯ ಗಿರಾಕಿ, ಆ ಊರಿನ ಒಬ್ಬ ರೈತ.

"ಮಲ್ಲಣ್ಣಾ, ಕಾಲುವಿಗೆ ನೀರ ಬಂತೇನು?"

"ಏನ್ ಚ್ಯಾಷ್ಟಿ ಮಾಡ್ತೀರಿ ಸಾವ್ಕಾರ್ರ! ಕಾಲುವ್ಯಾಗ ನಮ್ಮ ಆಡ ಮೇಯಾಕತ್ತಾವ. ಶುಕ್ರವಾರದ ಮ್ಯಾಲ ಫೋನ್ ಹಚ್ರಿ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ಸಾಹುಕಾರರಿಗೂ ನಗು ತಡೆಯಲಾಗಲಿಲ್ಲ. ಡ್ರಾಯರ್ ತೆರೆದು ಹೊಸ ಅಂಗಡಿಯ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು. "ತಗೊ ಯವ್ವಾ. ನಮ್ಮ ತಮ್ಮನ ಮಗ ಆಗಿದ್ರ ಗೇಟ್ ಎತ್ತಿದ್ದ ಕೇಳಿ ನಿನ್ನಿನ ಲಾರಿ ಕಳಸ್ತಿದ್ದ. ಮಾಲು ನಾಕ ದಿನ ಬಿಸಲಾಗ ಬಿದ್ದಿರ್ತಿತ್ತು." ನಂತರ ನನ್ನ ಕಡೆ ತಿರುಗಿ, "ತಾವು ಏನೋ ಹೇಳವರಿದ್ರಿ?" ಎಂದರು.

ಹೊಂದಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಈಗ ಬೇಕಾಗಿರಲಿಲ್ಲ. "ಒಂದು ಕಪ್ ಚಹಾ ಸಿಕ್ಕರೆ..." ಎಂದೆ.

ಅಂಗಡಿ ಪೂಜೆಗೆ ನಾನೂ ಹೋಗಿದ್ದೆ. ಶುಕ್ರವಾರ. ನೀರು ಅಂದೇ ಮಧ್ಯಾಹ್ನ ಊರು ಮುಟ್ಟಿತು. ಸುಜಾತಾಳ ತಾಯಿ ಆಗಷ್ಟೇ ನೀರು ಹೊಕ್ಕ ಗದ್ದೆಯಿಂದ ನೇರವಾಗಿ ಬಂದರು. ಕೆಸರಿನ ಕಾಲೆಂದು ಹೊಸ್ತಿಲ ಹೊರಗೇ ನಿಂತವರನ್ನು ಮಗಳು ಕೈ ಹಿಡಿದು ಒಳಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದಳು. ಮಾರನೆಯ ದಿನ ಗಿರಾಕಿಗಳ ಸಾಲು ರಸ್ತೆಯವರೆಗೆ ಬಂದಿತ್ತಂತೆ.

ಕೆಲಸ ಮಾಡುತ್ತಲೇ ಓದಬೇಕೆನ್ನುವವರು ಈಗ ಓಣಿಗೊಬ್ಬರಿದ್ದಾರೆ. ಯಾವ ವಿಶ್ವವಿದ್ಯಾಲಯ ದೊಡ್ಡದು, ಯಾವುದಕ್ಕೆ ಹೆಸರಿದೆ ಎಂದು ಅವರು ನಮ್ಮಂಥವರನ್ನು ಕೇಳುತ್ತಾರೆ. ನಾವೂ ಕನ್ನಡಕ ಏರಿಸಿಕೊಂಡು ಹೇಳಿಬಿಡುತ್ತೇವೆ. ಮಾನ್ಯತೆಯನ್ನು ಅಗತ್ಯವಾಗಿ ಪರೀಕ್ಷಿಸಿ. ಸ್ಟಿಕರ್ ಇದ್ದರೆ ಕಿತ್ತು ನೋಡಿ. ಆದರೆ ಅದರ ಮುಂದಿನ ಪ್ರಶ್ನೆಯನ್ನು ಓದುವವರನ್ನೇ ಕೇಳಬೇಕಲ್ಲವೇ: ನಿನ್ನ ಊರಿಗೆ ನೀರು ಬರುವುದು ಯಾವಾಗ?

ಮೊದಲ ಸಂಪರ್ಕ ತರಗತಿ ಮುಗಿಸಿ ಬಂದ ಸುಜಾತಾ ಮೊನ್ನೆ ಮನೆಗೆ ಬಂದಿದ್ದಳು. ನೀರಿದ್ದಾಗ ಒಂದು ದಿನವೂ ರಜೆ ಕೇಳುವ ಪ್ರಸಂಗ ಬರಲಿಲ್ಲವಂತೆ. ನನ್ನ ಮೇಜಿನ ಮೇಲಿದ್ದ ಒಂದು ದಾನಶಾಸನದ ಪಡಿಯಚ್ಚನ್ನು ನೋಡಿ, "ಇದ್ರಾಗ ಏನದ ಕಾಕಾ?" ಎಂದಳು. ಅರಸನೊಬ್ಬ ದೂರದ ರಾಜಧಾನಿಯಲ್ಲಿ ಕುಳಿತು ಕೆರೆಯ ಕೆಳಗಿನ ಗದ್ದೆಯನ್ನು ದಾನ ಕೊಟ್ಟದ್ದು, ಕೊಟ್ಟ ತಿಥಿ, ವಾರ, ನಕ್ಷತ್ರ, ಎಲ್ಲವನ್ನೂ ವಿವರಿಸಿದೆ. ಗಣಿತ ಎಷ್ಟು ಸರಿಯಾಗಿ ಕೂಡಿಬರುತ್ತದೆಂಬುದನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಚಹಾದ ಬಟ್ಟಲು ಕೆಳಗಿಟ್ಟು, ಒಂದೇ ಮಾತು ಕೇಳಿ ಬಸ್ಸಿಗೆ ಹೊರಟಳು. ಅಂದಿನಿಂದ ನನ್ನ ಇಡೀ ವೃತ್ತಿಜೀವನದ ತಾರೀಖುಗಳನ್ನು ಮತ್ತೊಮ್ಮೆ ತೆಗೆದು ಕುಳಿತಿದ್ದೇನೆ.

"ಇದು ಗೇಟಿನ ತಾರೀಖೇನ್ರಿ ಕಾಕಾ, ಹೊಲದ್ದೋ?"